ಕೂಲೆಂಟ್ ಬಂದ್ ಮಾಡಿದ್ಮೇಲೆ ಟೂಲ್ ಲೈಫ್ ಮೂರು ಪಟ್ಟು ಆಯ್ತು: ನನ್ನ ಅನುಭವ

ಹೊಸೂರಲ್ಲಿ ಸಿಪ್‌ಕಾಟ್ ಕಡೆ ನಂದೊಂದು ಚಿಕ್ಕ ಶೆಡ್ಡು, ಎರಡು ವಿಎಂಸಿ, ಅಂದ್ರೆ ಕಂಪ್ಯೂಟರ್ ಹೇಳಿದಂಗೆ ಲೋಹ ಕೊರೆಯೋ ಮಶೀನು. ಜಾಸ್ತಿ ಡೈಕಾಸ್ಟಿಂಗ್ ಡೈ (ಕರಗಿದ ಲೋಹ ತುಂಬೋ ಅಚ್ಚು) ಕೆಲಸ, ಎಚ್13 ಅನ್ನೋ ಟೂಲ್ ಸ್ಟೀಲು, ಹಾರ್ಡನಿಂಗ್ ಆಗಿ ಗಟ್ಟಿತನದ ಅಳತೇಲಿ 48-50 ಎಚ್‌ಆರ್‌ಸಿಗೆ ಬಂದಿರೋದನ್ನ ಫಿನಿಶ್ ಮಾಡ್ಬೇಕು. ಕೂಲೆಂಟ್, ಅಂದ್ರೆ ಟೂಲ್ ತಣ್ಣಗಿಡೋಕೆ ಸುರಿಯೋ ದ್ರವ, ಇಲ್ದೆ ಓಡಿಸ್ತೀನಿ ಅಂದಾಗ ಪಕ್ಕದ ಶೆಡ್ಡಿನೋರು "ಅಣ್ಣಾ, ಟೂಲೂ ಹೋಗತ್ತೆ ಜಾಬೂ ಹೋಗತ್ತೆ" ಅಂತ ನಕ್ಕಿದ್ರು. ಈಗ ಅವರೇ ಆರ್‌ಪಿಎಂ ಎಷ್ಟಿಟ್ಟಿದ್ದೀರ ಅಂತ ಕೇಳ್ಕೊಂಡು ಬರ್ತಾರೆ, ಅದಕ್ಕೇ ಬರೀತಿರೋದು.

ಮೊದ್ಲು ಕಾರ್ಬೈಡ್ ಕಟ್ಟಿಂಗ್ ಟೂಲ್ ಮೇಲೆ ಎಲ್ರ ಥರ ಗೋಲ್ಡ್ ಕೋಟಿಂಗ್, ಅದೇ ಟೈಟಾನಿಯಂ ನೈಟ್ರೈಡ್. 500-600 ಡಿಗ್ರಿ ದಾಟಿದ್ರೆ ಅದು ಆಕ್ಸೈಡ್ ಆಗಿ ಉದುರತ್ತೆ, ಹಾರ್ಡ್ ಸ್ಟೀಲಲ್ಲಿ ಎಡ್ಜು ಅಷ್ಟು ಬಿಸಿ ಆಗೋಕೆ ಹೊತ್ತೇ ಬೇಡ. ಒಂದು ಕ್ಯಾವಿಟಿ (ಡೈಯಲ್ಲಿ ಕೊರೆಯೋ ಗುಳಿ) ಮುಗಿಯೋದ್ರೊಳಗೆ ಮೂಲೇಲಿ ಗೋಲ್ಡ್ ಹೋಗಿ ಬೂದು ಕಾರ್ಬೈಡ್ ಕಾಣೋದು. ಟೈಟಾನಿಯಂ ಕಾರ್ಬೋನೈಟ್ರೈಡ್ ಕೋಟಿಂಗ್ ಇನ್ನೂ ಗಟ್ಟಿ ಅಂತ ತರಿಸಿದೆ, ಗಟ್ಟಿ ಹೌದು, ಆದ್ರೆ ತಣ್ಣಗಿದ್ದಾಗ ಮಾತ್ರ, 400 ಡಿಗ್ರಿ ಮೇಲೆ ಅದರ ಆಟ ನಡಿಯಲ್ಲ. ಕ್ಯಾಟಲಾಗಲ್ಲಿ ಬರೀ ಹಾರ್ಡ್ನೆಸ್ ನಂಬರ್ ನೋಡಿ ಟೂಲ್ ತಗೊಂಡ್ರೆ ದುಡ್ಡು ಗೋವಿಂದ.

ಆಮೇಲೆ ಅಲ್ಯೂಮಿನಿಯಂ ಜಾಸ್ತಿ ಇರೋ ಕಪ್ಪು-ನೇರಳೆ ಕೋಟಿಂಗು, ಆಲ್‌ಟಿನ್. 10 ಎಂಎಂ ಟೂಲಿಗೆ ಆಗ ಹತ್ತಿರತ್ತಿರ ಮೂರು ಸಾವಿರ ಕೊಟ್ಟಿದ್ದೆ. ಅದೂ ಕೈ ಕೊಡ್ತು! 2200 ಆರ್‌ಪಿಎಂ, ಮೇಲೆ ಧಾರಾಳ ಕೂಲೆಂಟು. ಲೆನ್ಸ್ ಹಿಡಿದು ನೋಡಿದ್ರೆ ಎಡ್ಜಿಗೆ ಅಡ್ಡಡ್ಡ, ಬಾಚಣಿಗೆ ಹಲ್ಲಿನ ಥರ ಸಾಲಾಗಿ ಕ್ರ್ಯಾಕು. ಸವೆದಿದ್ದಲ್ಲ ಅದು, ಒಡೆದಿದ್ದು. ಹಲ್ಲು ಮೆಟಲ್ ಒಳಗೆ ಹೋದಾಗ ಕಾಯತ್ತೆ, ಹೊರಗೆ ಬಂದ ತಕ್ಷಣ ಮೇಲೆ ತಣ್ಣನೆ ಕೂಲೆಂಟ್ ಬೀಳತ್ತೆ, ಹಿಂಗೆ ನಿಮಿಷಕ್ಕೆ 2200 ಸಲ ಆದ್ರೆ ಕಾರ್ಬೈಡ್ ತಾನೇ ಎಷ್ಟು ತಡಕೊಳ್ಳತ್ತೆ. ಆ ಡೈ ಒಂದರಲ್ಲೇ ಟೂಲಿಗೆ ಇಪ್ಪತ್ತು ಸಾವಿರದ ಮೇಲೆ ಸುರಿದೆ, ಪಾರ್ಟಿ ಕೈಲಿ ಬೈಸ್ಕೊಂಡಿದ್ದು ಬೇರೆ.

ಆಗ ಕೂಲೆಂಟ್ ಬಂದ್ ಮಾಡಿ, ಬರೀ ಏರ್ ಬ್ಲೋ ಇಟ್ಟು, ಸ್ಪೀಡನ್ನ 4500ಕ್ಕೆ ಏರಿಸಿದೆ, ಕಟ್ ಮಾತ್ರ ಸಣ್ಣದು, 0.2 ಎಂಎಂ ಆಸುಪಾಸು. ಈ ಕೋಟಿಂಗಿಗೆ ಬಿಸಿನೇ ಬೇಕು ಕಣ್ರೀ, ಬಿಸಿ ಆದಾಗ್ಲೇ ಮೇಲೆ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪೊರೆ ಕಟ್ಟೋದು, ಆ ಪೊರೆ ಆಕ್ಸಿಜನ್ನನ್ನ ಒಳಗೆ ಬಿಡಲ್ಲ, 800 ಡಿಗ್ರಿವರೆಗೂ ನಿಭಾಯಿಸತ್ತೆ. ಬಿಸಿ ಬಹುಪಾಲು ಚಿಪ್ಪಲ್ಲೇ (ಕೊರೆದು ಹಾರೋ ಲೋಹದ ಚೂರಲ್ಲಿ) ಹೊರಟೋಗತ್ತೆ. ಚಿಪ್ ನೀಲಿ ಬಂತು ಅಂದ್ರೆ ಸೆಟ್ಟಿಂಗ್ ಸರಿ ಅಂತ ಲೆಕ್ಕ. ಒಂದು ಟೂಲಲ್ಲಿ ಒಂದು ಕ್ಯಾವಿಟಿ ಕಷ್ಟ ಇದ್ದಿದ್ದು ಈಗ ಮೂರು ಆರಾಮ, ಟೈಮೂ ಅರ್ಧದ ಹತ್ರ ಇಳೀತು. ಗಾಳಿ ನಾಜಲ್ ಯಾವ ಕೋನದಲ್ಲಿ, ರೀಗ್ರೈಂಡ್ (ಮತ್ತೆ ಸಾಣೆ) ಆದ್ಮೇಲೆ ಕೋಟಿಂಗಿಗೆ ಕಳಿಸೋ ಮುಂಚೆ ಎಡ್ಜಿಗೆ ಏನು ಮಾಡ್ತೀನಿ ಅನ್ನೋದು ಮಾತ್ರ ಕೇಳ್ಬೇಡಿ, ಹೊಟ್ಟೆಪಾಡು.

ನಡುವೆ ಇನ್ನೊಂದು ತಮಾಷೆ ನೋಡಿದ್ವಿ. ಇದೇ ಟೂಲನ್ನ ಅಲ್ಯೂಮಿನಿಯಂ ಹೌಸಿಂಗ್‌ಗೆ ಹಾಕಿದ್ರೆ ಮೆಟಲ್ ಬಂದು ಎಡ್ಜಿಗೇ ಅಂಟ್ಕೊಳ್ತು. ಅದಕ್ಕೆ ಡಿಎಲ್‌ಸಿ ಅನ್ನೋ, ವಜ್ರದ ಥರದ ಕಾರ್ಬನ್ ಕೋಟಿಂಗಿನ ಟೂಲ್ ತರಿಸಿದ್ವಿ, ಬೆಣ್ಣೆ ಫಿನಿಶ್ ಬಂತು. ನಮ್ಮ ಹುಡುಗ ಅದೇ ಟೂಲನ್ನ ಎಚ್13 ಮೇಲೆ ಡ್ರೈ ಓಡಿಸಿ ನೋಡ್ದ, ಕೆಲವೇ ನಿಮಿಷ, ಕೋಟಿಂಗೇ ಇಲ್ಲ. ಡಿಎಲ್‌ಸಿ ಬಿಸಿಗೆ ಗ್ರಾಫೈಟ್ ಆಗೋಗತ್ತೆ, ಸಾಲದ್ದಕ್ಕೆ ಕಬ್ಬಿಣ ಬೇರೆ ಕಾರ್ಬನ್ ಎಳ್ಕೊಳ್ಳತ್ತೆ.

ರೀಕೋಟ್ ಮಾಡಿಸೋರು ಹಳೇ ಕೋಟಿಂಗ್ ತೆಗೆಸಿಯೇ ಮಾಡಿಸಿ. ಇರೋದೇ ಎರಡು-ನಾಲ್ಕು ಮೈಕ್ರಾನ್, ಅದರ ಮೇಲೆ ಮೇಲೆ ಹಾಕಿಸ್ತಾ ಹೋದ್ರೆ ಹಾಳೆ ಹಾಳೆ ಎದ್ದು ಬರತ್ತೆ. ಆಳದ ಡ್ರಿಲ್ಲಿಂಗಿಗೆ ಮಾತ್ರ ನಾನು ಈಗ್ಲೂ ಕೂಲೆಂಟ್ ಬಂದ್ ಮಾಡಲ್ಲ, ಅಲ್ಲಿ ಚಿಪ್ ಹೊರಗೆ ಬರೋಕೇ ಅದು ಬೇಕು.