ಕಿಂಡಿ ಮೊದಲು, ಹೆಸರು ಕೊನೆಗೆ: ಡೈನೊಫ್ಲಾಜೆಲೇಟ್ ಸಿಸ್ಟ್ ಗುರುತಿಸಿ ವಿವರಿಸುವ ಬಗೆ

ಕೋಲಾರ ಜಿಲ್ಲೆಯ ಯಾವ ಬೆಟ್ಟದ ಕಲ್ಲು ಒಡೆದರೂ, ಕೆಜಿಎಫ್ ಗಣಿಯ ತಳದಿಂದ ಕಲ್ಲು ತಂದು ಪುಡಿ ಮಾಡಿದರೂ ಡೈನೊಫ್ಲಾಜೆಲೇಟ್ ಎಂಬ ಏಕಕೋಶ ಜೀವಿಯ ಸೂಕ್ಷ್ಮ ಪಳೆಯುಳಿಕೆ, ಅಂದರೆ ಸಿಸ್ಟ್, ಒಂದೂ ಸಿಗುವುದಿಲ್ಲ. ಇಲ್ಲಿನ ಚಿನ್ನದ ಪಟ್ಟಿಯ ಶಿಲೆಗಳಿಗೆ ಸುಮಾರು 270 ಕೋಟಿ ವರ್ಷ. ಈ ಪಳೆಯುಳಿಕೆಗಳ ನಿಚ್ಚಳ ದಾಖಲೆ ಶುರುವಾಗುವುದು ಟ್ರಯಾಸಿಕ್ ಕಾಲದಲ್ಲಿ, 20 ಕೋಟಿ ವರ್ಷಕ್ಕೂ ಹಿಂದೆ. ಹಾಗಿದ್ದರೂ ಕೋಲಾರ, ಬಂಗಾರಪೇಟೆ, ಮುಳಬಾಗಿಲು ಕಡೆಯಿಂದ ಭೂವಿಜ್ಞಾನ ಓದಲು ಹೋಗುವ ಮಕ್ಕಳಿಗೆ ಇದನ್ನು ಕಲಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮುಂದೆ ತಮಿಳುನಾಡಿನ ಅರಿಯಲೂರು ಕಡೆಯ ಕ್ರಿಟೇಶಿಯಸ್ ಪದರಗಳಲ್ಲಿ ಕೆಲಸ ಮಾಡುವಾಗಲೋ, ತೈಲ ಶೋಧನೆಯ ಕೆಲಸಕ್ಕೆ ಸೇರಿದಾಗಲೋ, ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯಲ್ಲಿ ಸಂಶೋಧನೆಗೆ ಕೂತಾಗಲೋ ಇವು ಎದುರಾಗುತ್ತವೆ. ಕಲ್ಲಿನ ತೆಳುಛೇದ ನೋಡಿ ಖನಿಜ ಗುರುತಿಸಲು ಕಲಿತ ನಮ್ಮ ಹುಡುಗ ಹುಡುಗಿಯರಿಗೆ ಒಂದು ಒಳ್ಳೆಯ ಅಭ್ಯಾಸ ಆಗಲೇ ಇದೆ. ಬಣ್ಣ, ಸೀಳು, ಉಬ್ಬು ಎಲ್ಲ ಬರೆದಾದ ಮೇಲೆ ತಾನೆ ಹಾರ್ನ್‌ಬ್ಲೆಂಡ್ ಎನ್ನುತ್ತೇವೆ? ಇಲ್ಲಿ ಬೇಕಾದದ್ದೂ ಅದೇ ಶಿಸ್ತು.

ನೋಡುತ್ತಿರುವುದು ಏನನ್ನು?

ಡೈನೊಫ್ಲಾಜೆಲೇಟ್ ಎಂದರೆ ಎರಡು ಕಶಾಂಗಗಳಿರುವ (ಈಜಲು ನೆರವಾಗುವ ಚಾಟಿಯಂಥ ಎಳೆಗಳು) ಏಕಕೋಶ ಜೀವಿ. ಒಂದು ಕಶಾಂಗ ಸೊಂಟದ ಸುತ್ತಲಿನ ತಗ್ಗಿನಲ್ಲಿ ಆಡುತ್ತದೆ, ಆ ತಗ್ಗೇ ಸಿಂಗ್ಯುಲಮ್. ಇನ್ನೊಂದು ಹೊಟ್ಟೆಯ ಕಡೆಯ ಉದ್ದ ತಗ್ಗಿನಿಂದ ಹಿಂದಕ್ಕೆ ಚಾಚಿರುತ್ತದೆ, ಆ ಉದ್ದ ತಗ್ಗೇ ಸಲ್ಕಸ್. ಹೆಚ್ಚಿನವು ಸಮುದ್ರದವು, ಸಿಹಿನೀರಿನಲ್ಲಿ ಬದುಕುವವೂ ಇವೆ. ಈಜುವ ಹಂತದಲ್ಲಿ ಅನೇಕ ಜಾತಿಗಳಿಗೆ ಸೆಲ್ಯುಲೋಸ್ ಫಲಕಗಳ ಕವಚವಿರುತ್ತದೆ. ಸತ್ತ ಮೇಲೆ ಅದು ಕೊಳೆತು ಹೋಗುತ್ತದೆ. ಉಳಿಯುವುದು ವಿಶ್ರಾಂತಿಯ ಹಂತದಲ್ಲಿ ಕಟ್ಟಿಕೊಳ್ಳುವ ಸಿಸ್ಟ್. ಅದರ ಗೋಡೆಯ ಡೈನೊಸ್ಪೊರಿನ್ ಎಂಬ ವಸ್ತು ಆಮ್ಲಕ್ಕೂ ಬಗ್ಗುವುದಿಲ್ಲ. ಇಂದು ಬದುಕಿರುವ ಜಾತಿಗಳಲ್ಲಿ ಶೇ 15ರಿಂದ 20ರಷ್ಟು ಮಾತ್ರ ಇಂಥ ಉಳಿಯಬಲ್ಲ ಸಿಸ್ಟ್ ಕಟ್ಟುತ್ತವೆ. ಗಾತ್ರ ಸಾಮಾನ್ಯವಾಗಿ 20ರಿಂದ 150 ಮೈಕ್ರಾನ್.

ಜರ್ಮನ್ ವಿಜ್ಞಾನಿ ಎಹ್ರೆನ್‌ಬರ್ಗ್ 1830ರ ದಶಕದಲ್ಲಿಯೇ ಚಕಮಕಿ ಕಲ್ಲಿನಲ್ಲಿ ಇವನ್ನು ಕಂಡಿದ್ದ. ಆದರೆ ಮುಳ್ಳುಮುಳ್ಳಾದವು ಡೈನೊಫ್ಲಾಜೆಲೇಟ್‌ಗಳೇ ಎಂದು ನಿಚ್ಚಳವಾಗಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಅಲ್ಲಿಯವರೆಗೆ ಅವು ಹಿಸ್ಟ್ರಿಕೋಸ್ಫಿಯರ್ ಎಂಬ ಒಗಟಿನ ಗುಂಪಾಗಿದ್ದವು. ಅಮೆರಿಕದ ಪಳೆಯುಳಿಕೆ ತಜ್ಞ ವಿಲಿಯಂ ಎವಿಟ್ 1961ರಲ್ಲಿ ಒಗಟು ಬಿಡಿಸಿದ್ದು ಎರಡು ಸಂಗತಿ ಗಮನಿಸಿ: ಸಿಸ್ಟಿನಲ್ಲಿರುವ ಕಿಂಡಿಯ ಆಕಾರ, ಮುಳ್ಳುಗಳು ನಿಂತಿರುವ ಜಾಗ. ಎರಡೂ ಈಜುವ ಕೋಶದ ಫಲಕಗಳ ಜೋಡಣೆಯನ್ನೇ ಅನುಸರಿಸುತ್ತವೆ. ಇವತ್ತಿಗೂ ವರ್ಗೀಕರಣ ನಿಂತಿರುವುದು ಈ ಎರಡರ ಮೇಲೆಯೇ.

ಸ್ಲೈಡ್ ತಯಾರಿ

ಬೂದು ಅಥವಾ ಕಪ್ಪು ಬಣ್ಣದ, ನುಣುಪು ಕಣದ ಜೇಡಿಶಿಲೆ ಆರಿಸಿ. ಕೆಂಪಗೆ ತುಕ್ಕು ಹಿಡಿದಂತಿರುವ ಕಲ್ಲಿನಲ್ಲಿ ಸಾವಯವ ಗೋಡೆ ಉಳಿದಿರುವುದು ಕಷ್ಟ. ಸುಣ್ಣದ ಅಂಶ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹೋಗುತ್ತದೆ, ಸಿಲಿಕೇಟ್ ಹೋಗಲು ಹೈಡ್ರೋಫ್ಲೋರಿಕ್ ಆಮ್ಲವೇ ಬೇಕು. ಈ ಎರಡನೆಯದರ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ: ಸರಿಯಾದ ಫ್ಯೂಮ್ ಹುಡ್ (ವಿಷದ ಹಬೆ ಹೊರಗೆಳೆಯುವ ಗೂಡು), ತಕ್ಕ ಕೈಗವಸು, ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್, ಪಕ್ಕದಲ್ಲಿ ಅನುಭವಿ ಮೇಲ್ವಿಚಾರಕರು ಇಲ್ಲದ ಕಡೆ ಅದರ ಬಾಟಲಿಯನ್ನೇ ತೆರೆಯಬಾರದು. ಅದು ಚರ್ಮ ದಾಟಿ ಒಳಗಿಳಿದು ರಕ್ತದ ಕ್ಯಾಲ್ಸಿಯಮ್ಮನ್ನೇ ಕಟ್ಟಿಹಾಕುತ್ತದೆ, ಪ್ರಾಣಕ್ಕೇ ಅಪಾಯ. ಕಾಲೇಜುಗಳು ತಯಾರಾದ ಸ್ಲೈಡ್ ತರಿಸಿಕೊಳ್ಳುವುದೇ ಲೇಸು. ಆಮ್ಲದ ಕೆಲಸ ಮುಗಿದ ಮೇಲೆ 10 ಅಥವಾ 15 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಉಳಿದದ್ದನ್ನು ಗ್ಲಿಸರಿನ್ ಜೆಲ್ಲಿಯಲ್ಲಿ ಕೂರಿಸುತ್ತಾರೆ. ಪರಾಗ ನೋಡುವವರು ಬಳಸುವ ಅಸಿಟಾಲಿಸಿಸ್ ಎಂಬ ಆಮ್ಲ ಮಿಶ್ರಣದ ಸಂಸ್ಕರಣೆ ಇಲ್ಲಿ ಬೇಡ. ಪೆರಿಡಿನಿಯಾಯ್ಡ್ ಎಂಬ ಗುಂಪಿನ ಕಂದು ಬಣ್ಣದ ಸಿಸ್ಟ್‌ಗಳು ಅದರಲ್ಲಿ ಹಾಳಾಗುತ್ತವೆ.

ದಿಕ್ಕು ಹಿಡಿಯುವುದು

ಎಲ್ಲರೂ ಅವಸರ ಮಾಡುವುದು ಇಲ್ಲಿ. ಸಿಸ್ಟ್ ಪಾರದರ್ಶಕ. ಫೋಕಸ್ ಮೇಲೆತ್ತಿದರೆ ನಿಮ್ಮ ಕಡೆಯ ಮೈ ಕಾಣುತ್ತದೆ, ಕೆಳಗಿಳಿಸಿದರೆ ಆಚೆ ಕಡೆಯ ಮೈಯನ್ನು ಒಳಗಿನಿಂದ ನೋಡುತ್ತೀರಿ, ಆಗ ಎಡಬಲ ಅದಲುಬದಲು. ಹಾಗಾಗಿ ಒಂದೊಂದು ಮಾದರಿಗೂ ಎರಡು ಚಿತ್ರ ಬರೆಯಿರಿ, ಮೇಲಿನ ಫೋಕಸಿನದು ಒಂದು, ಕೆಳಗಿನದು ಇನ್ನೊಂದು. ಕೈಯಿಂದಲೇ ಬರೆಯಿರಿ. ಮೊಬೈಲಿನಲ್ಲಿ ಫೋಟೊ ತೆಗೆದರೆ ಒಂದೇ ಸಮತಲ ಸಿಗುತ್ತದೆ, ಜೊತೆಗೆ ಕಣ್ಣು ಗೆರೆಗಳ ಹಿಂದೆ ಹೋಗುವುದೇ ಇಲ್ಲ.

ಕೊಂಬು ಇದ್ದರೆ ನೆತ್ತಿ ಯಾವುದು, ಬುಡ ಯಾವುದು ಎಂದು ಮೊದಲು ನಿರ್ಧರಿಸಿ. ಆಮೇಲೆ ಸಿಂಗ್ಯುಲಮ್ ಹುಡುಕಿ. ಅದರ ಮೇಲಿನದು ಎಪಿಸಿಸ್ಟ್, ಕೆಳಗಿನದು ಹೈಪೋಸಿಸ್ಟ್. ಸಿಂಗ್ಯುಲಮ್ಮಿನ ಎರಡು ತುದಿಗಳು ಎಲ್ಲಿ ಬಂದು ನಿಲ್ಲುತ್ತವೋ ಅದು ಹೊಟ್ಟೆ. ಕಿಂಡಿ ಕಂಡರೆ ಕೆಲಸ ಇನ್ನೂ ಸುಲಭ.

ಕಿಂಡಿ

ಒಳಗಿನ ಜೀವಕೋಶ ಹೊರಬಂದ ದಾರಿಗೆ ಆರ್ಕಿಯೊಪೈಲ್ ಎನ್ನುತ್ತಾರೆ. ಕಳಚಿದ ಮುಚ್ಚಳ ಒಪರ್ಕ್ಯುಲಮ್. ಅದು ಎಲ್ಲೆಂದರಲ್ಲಿ ಒಡೆಯುವುದಿಲ್ಲ. ಚರ್ಮದ ತುಂಡು ಹೊಲಿದ ಫುಟ್‌ಬಾಲಿನಿಂದ ಒಂದು ತುಂಡು ಹೊಲಿಗೆಯ ಗುಂಟವೇ ಬಿಟ್ಟುಕೊಂಡ ಹಾಗೆ, ನಿರ್ದಿಷ್ಟ ಫಲಕವೋ ಫಲಕಗಳ ಗುಂಪೋ ತನ್ನ ಗಡಿಯಲ್ಲೇ ಕಳಚುತ್ತದೆ. ಅಂಚು ನೇರವಾಗಿ, ಮೂಲೆಗಳು ಚೊಕ್ಕವಾಗಿ ಇದ್ದರೆ ಕಿಂಡಿ. ಅಡ್ಡಾದಿಡ್ಡಿ ಹರಿದಿದ್ದರೆ ಬರೀ ಹರಕು. ಒಂದೇ ಮಾದರಿ ನೋಡಿ ತೀರ್ಮಾನಕ್ಕೆ ಬರಬೇಡಿ, ಅದೇ ಜಾತಿಯ ಹಲವು ಮಾದರಿಗಳಲ್ಲಿ ಅದೇ ಜಾಗದಲ್ಲಿ ತೆರೆದಿದೆಯೇ ನೋಡಿ.

ಫಲಕಗಳಿಗೆ ಅಂಕಿ ಕೊಡುವ ಪದ್ಧತಿ ಚಾರ್ಲ್ಸ್ ಕೊಫಾಯ್ಡ್ 1900ರ ದಶಕದಲ್ಲಿ ಹಾಕಿಕೊಟ್ಟದ್ದು. ನೆತ್ತಿಯ ಸಾಲಿಗೆ ಒಂದು ಗೀಟು, ಸಿಂಗ್ಯುಲಮ್ಮಿನ ಮೇಲಿನ ಸಾಲಿಗೆ ಎರಡು, ಕೆಳಗಿನ ಸಾಲಿಗೆ ಮೂರು, ಬುಡಕ್ಕೆ ನಾಲ್ಕು. ನೆತ್ತಿಯ ಸಾಲಿಗೂ ಎರಡು ಗೀಟಿನ ಸಾಲಿಗೂ ನಡುವೆ ಬರುವವು 'ಎ' ಫಲಕಗಳು. ಗೊನಿಯಾಲಕಾಯ್ಡ್ ಗುಂಪಿನಲ್ಲಿ ಸಿಂಗ್ಯುಲಮ್ಮಿನ ಮೇಲೆ ಸಾಮಾನ್ಯವಾಗಿ ಆರು ಫಲಕ, ಬುಡದಲ್ಲಿ ಒಂದು. ಪೆರಿಡಿನಿಯಾಯ್ಡ್ ಗುಂಪಿನಲ್ಲಿ ಮೇಲೆ ಏಳು, ಬುಡದಲ್ಲಿ ಎರಡು, ಜೊತೆಗೆ ಮೂರು 'ಎ' ಫಲಕ. ಅನೇಕ ಪೆರಿಡಿನಿಯಾಯ್ಡ್ ಸಿಸ್ಟ್‌ಗಳ ಬುಡದಲ್ಲಿ ಎರಡು ಕೊಂಬು ಕಾಣುವುದು ಇದೇ ಕಾರಣಕ್ಕೆ.

ಸಾಮಾನ್ಯವಾಗಿ ಕಾಣುವ ಕಿಂಡಿಗಳು ಮೂರು ಬಗೆ. 3'', ಅಂದರೆ ಎರಡು ಗೀಟಿನ ಸಾಲಿನ ಮೂರನೆಯ ಫಲಕ ಹೋಗಿದ್ದರೆ ಪ್ರಿಸಿಂಗ್ಯುಲರ್ ಕಿಂಡಿ. ಸ್ಪಿನಿಫೆರೈಟಿಸ್ ಎಂಬ ಕುಲದಲ್ಲಿ ಇರುವುದು ಇದು. ಈ ಫಲಕ ಬೆನ್ನಿನ ನಡುವೆ ಇರುವುದರಿಂದ ಕಿಂಡಿ ಕಂಡ ಕಡೆಯೇ ಬೆನ್ನು. 2ಎ, ಅಂದರೆ ಎರಡನೆಯ 'ಎ' ಫಲಕ ಹೋಗಿದ್ದರೆ ಇಂಟರ್‌ಕ್ಯಾಲರಿ, ಪೆರಿಡಿನಿಯಾಯ್ಡ್‌ಗಳಲ್ಲಿ ಹೆಚ್ಚು. ಇದೂ ಬೆನ್ನಿನ ಮೇಲೆಯೇ, ಹೆಚ್ಚಾಗಿ ಆರು ಮೂಲೆಯದು. ನೆತ್ತಿಯ ಫಲಕಗಳೆಲ್ಲ ಒಟ್ಟಿಗೆ ಹೋಗಿದ್ದರೆ ಏಪಿಕಲ್ ಕಿಂಡಿ, ಅಂಚು ಅಂಕುಡೊಂಕಾಗಿ ಕಾಣುತ್ತದೆ. ಅದರಲ್ಲಿ ಹೊಟ್ಟೆಯ ಕಡೆ ಒಂದು ಕಚ್ಚು ಇರುತ್ತದೆ, ದಿಕ್ಕು ತಿಳಿಯಲು ಅದನ್ನು ಹಿಡಿಯಿರಿ. ಕ್ರಿಟೇಶಿಯಸ್ ಕಾಲದ ಓಡೊಂಟೊಕೈಟಿನಾದಲ್ಲಿ ನೆತ್ತಿಯ ಕೊಂಬೂ ಮುಚ್ಚಳದ ಜೊತೆ ಕಳಚಿಕೊಳ್ಳುತ್ತದೆ. ಸ್ಲೈಡಿನಲ್ಲಿ ಒಂಟಿ ಕೊಂಬು ಸಿಕ್ಕರೆ ಅದನ್ನು ಬೇರೆ ಜೀವಿ ಎಂದು ಎಣಿಸಬೇಡಿ. ಇವಲ್ಲದೆ ಇಡೀ ಎಪಿಸಿಸ್ಟೇ ಕಳಚುವ ಬಗೆಯೂ ಉಂಟು, ಪಾಲಿಸ್ಫೆರಿಡಿಯಂ ಅಂಥದ್ದು.

ಗೋಡೆ, ಮುಳ್ಳು

ಗೋಡೆ ಒಂದೇ ಪದರದ್ದೋ ಎರಡರದ್ದೋ, ಪದರಗಳು ಅಂಟಿಕೊಂಡಿವೆಯೋ ನಡುವೆ ಪೊಳ್ಳಿದೆಯೋ ಬರೆಯಿರಿ. ಪೊಳ್ಳು ಇದ್ದರೆ ಕೇವೇಟ್, ಡಿಫ್ಲಾಂಡ್ರಿಯಾದಂತೆ. ಮುಳ್ಳಿನ ಉದ್ದವನ್ನು ದೇಹದ ಅಗಲಕ್ಕೆ ಹೋಲಿಸಿ. ಶೇ 10ಕ್ಕಿಂತ ಕಡಿಮೆಯಾದರೆ ಪ್ರಾಕ್ಸಿಮೇಟ್, ಶೇ 30 ದಾಟಿದರೆ ಕೊರೇಟ್, ನಡುವಿನದು ಪ್ರಾಕ್ಸಿಮೊಕೊರೇಟ್.

ಮುಳ್ಳಿನ ಉದ್ದಕ್ಕಿಂತ ಅದು ನಿಂತ ಜಾಗ ಮುಖ್ಯ. ಜೀವಿ ಬೆಳೆದ ನೀರಿನ ಉಪ್ಪಿನಂಶಕ್ಕೆ ತಕ್ಕಂತೆ ಉದ್ದ ಏರುಪೇರಾಗಬಹುದು. ಲಿಂಗ್ಯುಲೊಡಿನಿಯಂ ಮಖೈರೊಫೋರಂ ಎಂಬ ಜಾತಿ ಇದಕ್ಕೆ ಹೆಸರಾದ ಉದಾಹರಣೆ. ಜಾಗ ಹಾಗೆ ಬದಲಾಗುವುದಿಲ್ಲ. ಮುಳ್ಳು ಫಲಕಗಳ ಮೂಲೆಯಲ್ಲಿದೆಯೇ, ಗಡಿಯ ಮೇಲಿದೆಯೇ, ನಡುವೆ ಇದೆಯೇ, ಅಥವಾ ಯಾವ ಲೆಕ್ಕಕ್ಕೂ ಸಿಗದೆ ಹರಡಿದೆಯೇ? ಹಿಸ್ಟ್ರಿಕೋಸ್ಫೆರಿಡಿಯಂ, ಆಲಿಗೊಸ್ಫೆರಿಡಿಯಂ ಎರಡೂ ನೋಡಲು ಅಕ್ಕತಂಗಿಯರು. ಎರಡರಲ್ಲೂ ಏಪಿಕಲ್ ಕಿಂಡಿ, ಫಲಕಕ್ಕೊಂದರಂತೆ ಕೊಳವೆಯಂಥ ಮುಳ್ಳು. ಆದರೆ ಆಲಿಗೊಸ್ಫೆರಿಡಿಯಂಗೆ ಸಿಂಗ್ಯುಲಮ್ಮಿನ ಮೇಲೆ ಮುಳ್ಳಿಲ್ಲ. ಸೊಂಟದ ಸುತ್ತ ಖಾಲಿ ಇದೆಯೇ ಎಂದು ನೋಡದವರಿಗೆ ಈ ಎರಡು ಕುಲ ಎಂದಿಗೂ ಬೇರೆಯಾಗಿ ಕಾಣುವುದಿಲ್ಲ.

ಬರೆಯುವುದು

'ಚೂಪು ಮುಳ್ಳಿನ ದುಂಡು ಸಿಸ್ಟ್' ಎಂದರೆ ಯಾರಿಗೂ ಉಪಯೋಗವಿಲ್ಲ. ಹೀಗೆ ಬರೆಯಿರಿ: 'ದೇಹ ಅಂಡಾಕಾರ. ಗೋಡೆ ಎರಡು ಪದರ, ಮುಳ್ಳಿನ ಬುಡ ಬಿಟ್ಟು ಉಳಿದೆಡೆ ಅಂಟಿಕೊಂಡಿವೆ. ಮೇಲ್ಮೈ ನಯ. ಫಲಕಗಳ ಗಡಿಯಲ್ಲಿ ತಗ್ಗಾದ ಏಣು. ಮೂಲೆಯ ಮುಳ್ಳುಗಳ ತುದಿ ಮೂರು ಕವಲು, ಒಂದೊಂದು ಕವಲೂ ಕೊನೆಯಲ್ಲಿ ಇಬ್ಭಾಗ. ಕಿಂಡಿ 3'' ಫಲಕದ್ದು, ಮುಚ್ಚಳ ಪೂರ್ತಿ ಕಳಚಿದೆ.' ಸ್ಲೈಡ್ ಕಾಣದವರೂ ಇದನ್ನು ಓದಿ ಸ್ಪಿನಿಫೆರೈಟಿಸ್ ಎನ್ನಬಲ್ಲರು.

ಅಳತೆಗೆ ಮೊದಲು ಐಪೀಸಿನ ಸ್ಕೇಲನ್ನು ಸ್ಟೇಜ್ ಮೈಕ್ರೋಮೀಟರ್ (ಗೊತ್ತಾದ ಅಳತೆಯ ಗೆರೆಗಳಿರುವ ಸ್ಲೈಡ್) ಇಟ್ಟು ಸರಿಹೊಂದಿಸಿ, ಲೆನ್ಸ್ ಬದಲಾದಾಗಲೆಲ್ಲ ಲೆಕ್ಕ ಬೇರೆ. ದೇಹದ ಉದ್ದ, ಅಗಲ, ಮುಳ್ಳಿನ ಉದ್ದ ಇವುಗಳಿಗೆ ಕನಿಷ್ಠ, ಸರಾಸರಿ, ಗರಿಷ್ಠ ಮೂರನ್ನೂ ಕೊಡಿ, ಎಷ್ಟು ಮಾದರಿ ಅಳೆದಿರಿ ಎಂಬುದನ್ನೂ.

ಹೆಸರು

ಈಗ ಹೆಸರು. ಕಿಂಡಿಯೂ ಫಲಕದ ಗುರುತೂ ಇಲ್ಲದ, ಜೀವಿ ಯಾವುದೆಂದೇ ತಿಳಿಯದ ಸಾವಯವ ಗೋಡೆಯದನ್ನು ಅಕ್ರಿಟಾರ್ಕ್ ಎಂದು ಬದಿಗಿಡಿ. ಎವಿಟ್ 1963ರಲ್ಲಿ ಇಂಥವಕ್ಕೆಂದೇ ಮಾಡಿದ ಗುಂಪು ಅದು. ಸಿಸ್ಟಿಗೂ ಈಜುವ ಕೋಶಕ್ಕೂ ಬೇರೆ ಬೇರೆ ಹೆಸರು ಕಂಡರೆ ಗಾಬರಿ ಬೇಡ. ಇಂದಿನ ಗೊನಿಯಾಲಕ್ಸ್ ಕುಲದ ಕೆಲವು ಜಾತಿಗಳು ಕಟ್ಟುವ ಸಿಸ್ಟೇ ಸ್ಪಿನಿಫೆರೈಟಿಸ್. ಕುಲ ಖಚಿತವಾಗಿ, ಜಾತಿ ಖಚಿತವಾಗದಿದ್ದರೆ 'ಸ್ಪಿನಿಫೆರೈಟಿಸ್ ಜಾತಿ 1' ಎಂದು ಬರೆದು ನಿಲ್ಲಿಸಿ. ತಪ್ಪು ಹೆಸರು ಒಮ್ಮೆ ಪಟ್ಟಿ ಸೇರಿದರೆ ಪದರದ ವಯಸ್ಸೇ ತಪ್ಪಾಗುತ್ತದೆ. ಹೊಸ ಜಾತಿ ಎನಿಸಿದರೆ ಸಸ್ಯ, ಪಾಚಿ, ಶಿಲೀಂಧ್ರಗಳ ಅಂತರರಾಷ್ಟ್ರೀಯ ನಾಮಕರಣ ಸಂಹಿತೆಯ ಪ್ರಕಾರ ಲಕ್ಷಣ ವಿವರಣೆ, ಚಿತ್ರ, ಹೋಲೊಟೈಪ್ (ಹೆಸರಿಗೆ ಆಧಾರವಾಗಿ ಆರಿಸಿದ ಒಂದು ಮಾದರಿ) ಬೇಕು. ಆ ಹೋಲೊಟೈಪ್ ಇರುವ ಸ್ಲೈಡಿನ ಸಂಖ್ಯೆ, ಸ್ಲೈಡಿನೊಳಗೆ ಅದು ಕೂತಿರುವ ಜಾಗದ ಇಂಗ್ಲೆಂಡ್ ಫೈಂಡರ್ (ಜಾಗ ಓದಲು ಅಂಕಿ ಹಾಕಿದ ಚೌಕಗಳಿರುವ ಗಾಜು) ಗುರುತು, ಕಲ್ಲು ತೆಗೆದ ಊರು ಮತ್ತು ಪದರ, ಸ್ಲೈಡನ್ನು ಕಾಪಿಡುವ ಸಂಸ್ಥೆ ಇಷ್ಟನ್ನೂ ವಿವರಣೆಯ ಜೊತೆಗೇ ದಾಖಲಿಸಿ.