ಫಲಿತಾಂಶಕ್ಕೆ ಮುನ್ನವೇ ಕಡತ: ವಿದ್ಯಾರ್ಥಿವೇತನ ಹುಡುಕಿದ ನನ್ನ ಅನುಭವ

ಬಿ.ಎಸ್ಸಿ. ಮೊದಲ ವರ್ಷದಲ್ಲಿ ನನ್ನ ಖಾತೆಗೆ ಬಂದ ವಿದ್ಯಾರ್ಥಿವೇತನದ ಮೊತ್ತ ಹೆಚ್ಚುಕಡಿಮೆ ಐವತ್ತೈದು ಸಾವಿರ ರೂಪಾಯಿ. ಕಾಲೇಜು ಶುಲ್ಕ, ಕೊಠಡಿ ಬಾಡಿಗೆ, ಪುಸ್ತಕ ಎಲ್ಲ ಅದರಲ್ಲೇ ಮುಗಿಯಿತು. ಪಿಯುಸಿಯಲ್ಲಿ ನನಗೆ ಬಂದದ್ದು ಆರುನೂರಕ್ಕೆ ಐನೂರ ನಲವತ್ತರ ಆಸುಪಾಸು. ನನಗಿಂತ ಹೆಚ್ಚು ಅಂಕ ತೆಗೆದ ನಾಲ್ಕಾರು ಸಹಪಾಠಿಗಳು ಇದರ ಕಾಲು ಭಾಗವನ್ನೂ ಪಡೆಯಲಿಲ್ಲ. ‘ಈ ಕಾಗದಗಳ ಹಿಂದೆ ಓಡಾಡುವ ಹೊತ್ತಿನಲ್ಲಿ ಓದಿಕೊಂಡಿದ್ದರೆ ಇನ್ನೂ ಹತ್ತು ಅಂಕ ಬರುತ್ತಿತ್ತಲ್ಲಮ್ಮ’ ಎಂದು ಸೋದರಮಾವ ಬೇಸರಪಟ್ಟುಕೊಂಡಿದ್ದರು. ಈಗ ಅವರ ಮಗನ ಕಡತವನ್ನೂ ನನ್ನ ಕೈಗೇ ಕೊಟ್ಟಿದ್ದಾರೆ.

ಎಲ್ಲರೂ ಏಪ್ರಿಲ್‌ನಲ್ಲಿ ಫಲಿತಾಂಶ ಬಂದ ಮೇಲೆ ಹೊರಡುತ್ತಾರೆ. ನಾನು ದ್ವಿತೀಯ ಪಿಯುಸಿ ಶುರುವಾದ ಮಳೆಗಾಲದಲ್ಲೇ, ನಾನು ಹಾಕಬೇಕಿದ್ದ ಯಾವ ಅರ್ಜಿಯೂ ತೆರೆಯದ ಹೊತ್ತಿನಲ್ಲಿ ಶುರುಮಾಡಿದೆ. ಗುರಿ ಒಂದೇ: ಫಲಿತಾಂಶದ ದಿನ ನನ್ನ ಕಡತದಲ್ಲಿ ಅಂಕಪಟ್ಟಿಯೊಂದನ್ನು ಬಿಟ್ಟು ಬೇರೇನೂ ಬಾಕಿ ಇರಬಾರದು. ಎಸ್‌ಎಸ್‌ಪಿ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್), ಎನ್‌ಎಸ್‌ಪಿ (ಕೇಂದ್ರದ್ದು) ಬಳಸುವುದು ಹೇಗೆ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಎಲ್ಲಿರುತ್ತದೆ ಎಂಬುದೆಲ್ಲ ಅರ್ಜಿ ಹಾಕುವವರಿಗೆ ಬೇಗ ಗೊತ್ತಾಗುತ್ತದೆ. ಅದನ್ನು ಬಿಟ್ಟು, ಎಲ್ಲಿ ಸಿಕ್ಕಿಹಾಕಿಕೊಂಡೆ ಎಂಬುದನ್ನು ಬರೆಯುತ್ತೇನೆ.

ಮೊದಲ ತೊಡಕು ಹೆಸರಿನದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿಗೆ ಮೊದಲು ಎರಡು ಇನಿಷಿಯಲ್, ಆಧಾರ್‌ನಲ್ಲಿ ಇನಿಷಿಯಲ್ ಇಲ್ಲದೆ ಅಪ್ಪನ ಪೂರ್ತಿ ಹೆಸರು, ಪಾಸ್‌ಬುಕ್‌ನಲ್ಲಿ ಅವೇ ಇನಿಷಿಯಲ್ ಹೆಸರಿನ ಕೊನೆಗೆ ಹೋಗಿ ಚುಕ್ಕಿಯಿಲ್ಲದೆ ಅಂಟಿಕೊಂಡಿದ್ದವು. ಮನುಷ್ಯರ ಕಣ್ಣಿಗೆ ಮೂವರೂ ಒಬ್ಬಳೇ, ಪೋರ್ಟಲ್‌ಗೆ ಮೂವರು. ಅಂಕಪಟ್ಟಿಯ ತಿದ್ದುಪಡಿಗೆ ಮಂಡಳಿಯವರೆಗೆ ಹೋಗಬೇಕು, ಆದ್ದರಿಂದ ಅದನ್ನೇ ಮೂಲವೆಂದು ಹಿಡಿದು ಉಳಿದ ಎರಡನ್ನೂ ಅದಕ್ಕೆ ಹೊಂದಿಸಿದೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಅದಕ್ಕೇ ಅರ್ಜಿ ನಮೂನೆಯಲ್ಲಿ ಒಂದೊಂದು ಅಕ್ಷರದ ಕೆಳಗೂ ಪೆನ್ಸಿಲ್‌ನಿಂದ ಗುರುತು ಹಾಕಿ, ಕೇಂದ್ರದಲ್ಲಿ ಟೈಪ್ ಮಾಡುವವರ ಪಕ್ಕದಲ್ಲೇ ನಿಂತು ಓದಿಸಿದೆ. ಅವರಿಗೆ ಸಿಟ್ಟು ಬಂತು. ಬರಲಿ. ಆಗ ಶುಲ್ಕ ಐವತ್ತು ರೂಪಾಯಿ. ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆಯಿಂದ ಬಸ್ಸಿಗೆ ಕಾಸು ಕೊಡಬೇಕಿರಲಿಲ್ಲ, ಹಾಗಾಗಿ ತಾಲ್ಲೂಕಿಗೆ ಎಷ್ಟು ಸಲ ಹೋಗಿಬಂದೆನೆಂದು ಲೆಕ್ಕವಿಡುವ ಅಗತ್ಯವೇ ಬೀಳಲಿಲ್ಲ.

ಎರಡನೆಯದು ಬ್ಯಾಂಕು. ಅರ್ಜಿಯಲ್ಲಿ ಬರೆದ ಖಾತೆಗೇ ಹಣ ಬರುತ್ತದೆಂದು ನಮ್ಮ ಕಾಲೇಜಿನಲ್ಲಿ ಇಂದಿಗೂ ಅರ್ಧ ಜನ ನಂಬಿದ್ದಾರೆ. ನೇರ ನಗದು ವರ್ಗಾವಣೆ ಹೋಗುವುದು ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆ) ಪಟ್ಟಿಯಲ್ಲಿ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ. ನನ್ನದು ಪ್ರಾಥಮಿಕ ಶಾಲೆಯಲ್ಲಿದ್ದಾಗ ತೆರೆದ ಹಳೆಯ ಖಾತೆಗೆ ಜೋಡಣೆಯಾಗಿತ್ತು. ಆ ಬ್ಯಾಂಕು ಇನ್ನೊಂದರಲ್ಲಿ ವಿಲೀನವಾಗಿ, ಖಾತೆ ವರ್ಷಗಟ್ಟಲೆ ವ್ಯವಹಾರವಿಲ್ಲದೆ ನಿಷ್ಕ್ರಿಯವಾಗಿತ್ತು. ಪ್ರಥಮ ಪಿಯುಸಿಯಲ್ಲಿ ಮಂಜೂರಾದ ಹಣ ಅಲ್ಲಿಗೆ ಹೋಗಿ ತಿರಸ್ಕೃತವಾಗಿ ಮರಳಿತ್ತು, ನಮಗೆ ಸುದ್ದಿಯೇ ಇರಲಿಲ್ಲ. ಹೊಸ ಖಾತೆಯಲ್ಲಿ ಜೋಡಣೆಗೆ ಅರ್ಜಿ ಕೊಟ್ಟರೆ ಶಾಖೆಯವರು ‘ಆಯಿತು ಹೋಗು’ ಎನ್ನುತ್ತಾರೆ, ಆಗಿರುವುದಿಲ್ಲ. ಮೈ ಆಧಾರ್ ತಾಣದಲ್ಲಿ ಜೋಡಣೆಯ ಸ್ಥಿತಿ ನೋಡಬಹುದು. ಅದರ ಮುದ್ರಿತ ಪ್ರತಿ ಹಿಡಿದು ಮತ್ತೆ ಹೋದ ಮೇಲೆಯೇ ಕೆಲಸವಾಯಿತು. ಕೆವೈಸಿ ಪೂರ್ತಿಯಾಗದ ‘ಸಣ್ಣ ಖಾತೆ’ಯಾಗಿದ್ದರೆ ಅದನ್ನೂ ಬದಲಿಸಿಕೊಳ್ಳಿ. ಐವತ್ತು ಸಾವಿರಕ್ಕಿಂತ ಹೆಚ್ಚು ಬಾಕಿ ಅದರಲ್ಲಿ ನಿಲ್ಲುವಂತಿಲ್ಲ.

ಮೂರನೆಯದು ಎಲ್ಲಕ್ಕಿಂತ ಉದ್ದದ ಕಥೆ: ರೈತ ವಿದ್ಯಾನಿಧಿ. 2021ರಲ್ಲಿ ಶುರುವಾದ ಈ ಯೋಜನೆಯಲ್ಲಿ ರೈತರ ಮಕ್ಕಳಿಗೆ, ಪಿಯುಸಿ ಹುಡುಗಿಯರಿಗೆ 3,000, ಸಾಮಾನ್ಯ ಪದವಿಯ ಹುಡುಗಿಯರಿಗೆ 5,500 ರೂಪಾಯಿ ನಿಗದಿಯಾಗಿತ್ತು. ಅದಕ್ಕೆ ಅಪ್ಪನ ಫ್ರೂಟ್ಸ್ ಸಂಖ್ಯೆ (ಸರ್ಕಾರದಲ್ಲಿ ರೈತರ ನೋಂದಣಿ ಸಂಖ್ಯೆ) ಬೇಕು, ಫ್ರೂಟ್ಸ್ ಸಂಖ್ಯೆಗೆ ಪಹಣಿ ಬೇಕು. ನಮ್ಮ ಪಹಣಿ ತೀರಿಹೋದ ತಾತನ ಹೆಸರಿನಲ್ಲೇ ಇತ್ತು. ಪೌತಿ ಖಾತೆ ಮಾಡಿಸಬೇಕು, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಬೇಕು, ಅದಕ್ಕೆ ವಂಶವೃಕ್ಷ, ಮರಣ ಪ್ರಮಾಣಪತ್ರ, ದೊಡ್ಡಪ್ಪ ಚಿಕ್ಕಪ್ಪಂದಿರ ಒಪ್ಪಿಗೆ. ಐದೂವರೆ ಸಾವಿರಕ್ಕಾಗಿ ಇಷ್ಟೆಲ್ಲ ಬೇಕೇ ಎಂದು ಮನೆಯಲ್ಲಿ ಎಲ್ಲರೂ ಕೇಳಿದರು. ಆಗಸ್ಟ್‌ನಲ್ಲಿ ಶುರುವಾದದ್ದು ಮುಗಿದಾಗ ನನ್ನ ವಾರ್ಷಿಕ ಪರೀಕ್ಷೆ ಹತ್ತಿರವಿತ್ತು. ಖರ್ಚು ಎರಡು ಸಾವಿರ ದಾಟಿರಬೇಕು, ಅದರಲ್ಲಿ ರಸೀದಿ ಸಿಕ್ಕದ್ದು ಅರ್ಧಕ್ಕೆ ಮಾತ್ರ. ಆದರೆ ಅದೇ ಪೌತಿ ಖಾತೆಯಿಂದ ಅಪ್ಪನಿಗೆ ಬೆಳೆ ವಿಮೆಯ ದಾರಿಯೂ ತೆರೆಯಿತು. ಈಗ ಚಿಕ್ಕಪ್ಪನೇ ಅದನ್ನು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ, ತಾನೇ ಮಾಡಿಸಿದ ಹಾಗೆ.

ಇನ್ನು ಆಯ್ಕೆಯ ಲೆಕ್ಕ. ಕೇಂದ್ರದ ಪಿಎಂ-ಯುಎಸ್‌ಪಿ ವಿದ್ಯಾರ್ಥಿವೇತನ ಪದವಿಗೆ ವರ್ಷಕ್ಕೆ 12,000 ಕೊಡುತ್ತದೆ, ಕುಟುಂಬದ ಆದಾಯ ನಾಲ್ಕೂವರೆ ಲಕ್ಷದೊಳಗಿರಬೇಕು. ಅದಕ್ಕೆ ಬೇಕಾದದ್ದು ಮಂಡಳಿಯ ಆಯಾ ವಿಭಾಗದಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿನ ಸ್ಥಾನ, ಅಂದರೆ ನೂರರಲ್ಲಿ ಎಂಬತ್ತು ಮಂದಿಗಿಂತ ಮುಂದಿರುವುದು, ಶೇಕಡಾ 80 ಅಂಕವಲ್ಲ. ಇದನ್ನು ಕಲಸಿಕೊಂಡವರನ್ನು ಬಹಳ ನೋಡಿದ್ದೇನೆ. ನನಗೆ ಅರ್ಹತೆಯಿತ್ತು, ಬಿಟ್ಟೆ. ಅದನ್ನು ಪಡೆದರೆ ಬೇರೆ ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗಿರುವ ವಿದ್ಯಾಸಿರಿಯಲ್ಲಿ ಆಗ ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ಬರುತ್ತಿತ್ತು. ಕೇಂದ್ರದ್ದು ಹೆಸರಿಗೆ ದೊಡ್ಡದೆಂದು ಅದಕ್ಕೇ ಅಂಟಿಕೊಂಡ ಗೆಳತಿ ಮೂರು ಸಾವಿರ ಕಳೆದುಕೊಂಡಳು. ಕೇಂದ್ರದ ವಿಜ್ಞಾನ ವಿದ್ಯಾರ್ಥಿವೇತನವಾದ ಇನ್‌ಸ್ಪೈರ್ ಮಾತ್ರ ಬೇರೆ ಮಾತು: ಮಂಡಳಿಯ ಮೇಲಿನ ಶೇಕಡಾ ಒಂದರೊಳಗಿದ್ದು ಮೂಲ ವಿಜ್ಞಾನ ಓದುವವರಿಗೆ ವರ್ಷಕ್ಕೆ 80,000, ಅದರಲ್ಲಿ 20,000 ಬೇಸಿಗೆಯ ಸಂಶೋಧನಾ ಯೋಜನೆಗೆ. ನನಗೆ ಅಂಕ ಸಾಲಲಿಲ್ಲ. ಅಂಕವಿದ್ದ ಇಬ್ಬರು ಎಂಜಿನಿಯರಿಂಗ್ ಸೇರಿ ಅದನ್ನು ಬಿಟ್ಟರು.

ಐವತ್ತೈದರಲ್ಲಿ ಮೂವತ್ತೈದು ಸಾವಿರ ಬಂದದ್ದು ಒಂದು ಖಾಸಗಿ ಟ್ರಸ್ಟಿನಿಂದ. ವಿದ್ಯಾಧನ್, ರಿಲಯನ್ಸ್ ಪ್ರತಿಷ್ಠಾನದಂಥವು ಎಲ್ಲರಿಗೂ ಗೊತ್ತು, ಎಲ್ಲರೂ ಹಾಕುತ್ತಾರೆ, ಹಾಕಲೇಬೇಕು. ನಾನು ಹೆಚ್ಚು ಹೊತ್ತು ಕಳೆದದ್ದು ಜಾಹೀರಾತು ಕೊಡದ, ಇಂದಿಗೂ ಅಂಚೆಯಲ್ಲಿ ಅರ್ಜಿ ತೆಗೆದುಕೊಳ್ಳುವ ಟ್ರಸ್ಟುಗಳ ಮೇಲೆ. ಅವುಗಳ ಪಟ್ಟಿ ಎಲ್ಲಿ ಸಿಕ್ಕಿತೆಂದು ಇಲ್ಲಿ ಬರೆಯುವುದಿಲ್ಲ, ನನ್ನ ತಂಗಿ ಈಗ ದ್ವಿತೀಯ ಪಿಯುಸಿಯಲ್ಲಿದ್ದಾಳೆ. ಅಂತರ್ಜಾಲದಲ್ಲಿ ಸಿಕ್ಕಿದ್ದಲ್ಲ ಎಂದಷ್ಟೇ ಹೇಳಬಲ್ಲೆ. ನೋಂದಣಿ ಶುಲ್ಕ ಕೇಳಿದವರಿಗೆ ಒಂದು ರೂಪಾಯಿಯನ್ನೂ ಕೊಡಲಿಲ್ಲ.

ಈ ಟ್ರಸ್ಟುಗಳ ಮೇಲೆ ಒಂದು ಪರೀಕ್ಷೆಯನ್ನೂ ಮಾಡಿದೆ. ‘ನಿಮ್ಮ ಬಗ್ಗೆ ಬರೆಯಿರಿ’ ಎಂಬಲ್ಲಿ ಅರ್ಧದಷ್ಟು ಅರ್ಜಿಗಳಿಗೆ ಮನೆಯ ಕಷ್ಟ ಬರೆದೆ: ಬರ, ಸಾಲ, ಅಮ್ಮನ ಕೂಲಿ. ಎಲ್ಲವೂ ನಿಜವೇ. ಉಳಿದರ್ಧಕ್ಕೆ, ನಮ್ಮ ಕೊಳವೆಬಾವಿಯ ನೀರಿನಲ್ಲಿ ಸೊಪ್ಪು ಬೇಯಿಸಿದರೆ ಪಾತ್ರೆಗೆ ಬಿಳಿ ಪದರ ಏಕೆ ಕಟ್ಟುತ್ತದೆ ಎಂದು ಕಾಲೇಜಿನ ಪ್ರಯೋಗಾಲಯದಲ್ಲಿ ಗಡಸುತನ ಅಳೆದು ನೋಡಿದ್ದನ್ನು ಬರೆದೆ. ಕಷ್ಟದ ಪತ್ರಕ್ಕೆ ಒಂದೂ ಉತ್ತರವಿಲ್ಲ. ನೀರಿನ ಪತ್ರ ಓದಿ ಕರೆದವರು ಸಂದರ್ಶನದಲ್ಲಿ ಅಂಕದ ಮಾತೇ ಎತ್ತದೆ ಬ್ಯೂರೆಟ್ (ದ್ರವ ಅಳೆಯುವ ಗಾಜಿನ ಕೊಳವೆ) ಓದುವುದು ಹೇಗೆಂದು ಕೇಳಿದರು. ದ್ರವದ ಬಾಗಿದ ಮೇಲ್ಮೈಯ ಕೆಳ ಅಂಚಿನ ಮಟ್ಟಕ್ಕೆ ಕಣ್ಣಿಟ್ಟು ಎಂದೆ. ನಕ್ಕರು, ಕೊಟ್ಟರು. ಆದಾಯ ಪ್ರಮಾಣಪತ್ರ ಕಷ್ಟವನ್ನು ಹೇಗೂ ಹೇಳುತ್ತಿರುತ್ತದೆ, ಎರಡೆರಡು ಸಲ ಏಕೆ?

ನಮ್ಮ ಸಮುದಾಯದ ಸಂಘದ ಪ್ರತಿಭಾ ಪುರಸ್ಕಾರಕ್ಕೂ ಹಾಕಿದ್ದೆ. ಶಾಲು, ಹಾರ, ಫಲಕ, ಕವರಿನಲ್ಲಿ ಒಂದು ಸಾವಿರ. ಭಾಷಣ ಮುಗಿಯುವಷ್ಟರಲ್ಲಿ ಕೊನೆಯ ಬಸ್ಸು ಹೋಗಿತ್ತು. ಆಟೋಗೆ ಆರುನೂರು ಕೊಟ್ಟೆ.

ಸೈಬರ್ ಕೇಂದ್ರದಲ್ಲಿ ಒಂದು ಅರ್ಜಿಗೆ ನೂರು, ನೂರೈವತ್ತು ತೆಗೆದುಕೊಳ್ಳುತ್ತಾರೆ, ತಮ್ಮದೇ ಮೊಬೈಲ್ ಸಂಖ್ಯೆ ಹಾಕಿಬಿಡುವುದೂ ಉಂಟು. ಆಮೇಲೆ ‘ದೋಷವಿದೆ, ಸರಿಪಡಿಸಿ’ ಎಂಬ ಸಂದೇಶ ಅವರಿಗೆ ಹೋಗುತ್ತದೆ, ನಮಗಲ್ಲ. ನಾನು ಎಲ್ಲವನ್ನೂ ಅಪ್ಪನ ಮೊಬೈಲಿನಲ್ಲೇ ತುಂಬಿದೆ, ಬೆಳಗಿನ ಐದರ ಹೊತ್ತಿಗೆ. ರಾತ್ರಿ ಹತ್ತಕ್ಕೆ ಗಿರಗಿರನೆ ತಿರುಗುವ ಪುಟ ಆಗ ತಟ್ಟನೆ ತೆರೆಯುತ್ತದೆ.

ಈಗ ನವೀಕರಣದ ಕಾಲ. ಟ್ರಸ್ಟಿನವರು ಎರಡನೇ ಸೆಮಿಸ್ಟರಿನ ಅಂಕಪಟ್ಟಿ ಕೇಳಿದ್ದಾರೆ, ವಿಶ್ವವಿದ್ಯಾಲಯ ಇನ್ನೂ ಕೊಟ್ಟಿಲ್ಲ. ಫಲಿತಾಂಶದ ಪುಟವನ್ನು ಮುದ್ರಿಸಿ, ಪ್ರಾಂಶುಪಾಲರ ಸಹಿ ಮತ್ತು ಮೊಹರು ಹಾಕಿಸಿ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ್ದೇನೆ. ತಲುಪಿದೆ ಎಂದು ಉತ್ತರ ಬಂದಿದೆ, ಹಣ ಇನ್ನೂ ಬಂದಿಲ್ಲ.