ಎಫ್ ಮೇಲೊಂದು ಗೆರೆ, ಜೆ ಮೇಲೊಂದು ಗೆರೆ: ಕಣ್ಣು ಕಾಣದವರಿಗೆ ಟೈಪಿಂಗ್

ಆಗ ನನ್ನ ಕಣ್ಣು ಪೂರ್ತಿ ಹೋಗಿರಲಿಲ್ಲ. ರೆಟಿನೈಟಿಸ್ ಪಿಗ್ಮೆಂಟೋಸಾ. ಮೊದಲು ಕತ್ತಲಲ್ಲಿ ಕಾಣುವುದು ನಿಂತಿತು, ಆಮೇಲೆ ಅಕ್ಕಪಕ್ಕದ್ದು ಮುಚ್ಚುತ್ತಾ ಬಂತು. ನಡುವೆ ಕೊಳವೆಯಷ್ಟು ಉಳಿದಿತ್ತು. ಆ ಕೊಳವೆಯಲ್ಲೇ ಕೀಬೋರ್ಡ್ ಹುಡುಕುತ್ತಿದ್ದೆ. ಮೂಗು ಕೀ ಮೇಲೆ, ಕುತ್ತಿಗೆ ನೋವು, ಒತ್ತುವುದು ಒಂದೇ ಬೆರಳಲ್ಲಿ.

ಒಂದು ದಿನ ಅಣ್ಣನ ಮಗ ಟವಲ್ ತಂದು ನನ್ನ ಎರಡೂ ಕೈ ಮೇಲೆ ಹೊದಿಸಿಬಿಟ್ಟ. "ಅತ್ತೆ, ಈಗ ಒತ್ತು" ಅಂದ. ಸಿಟ್ಟು ಬಂತು. ಆದರೆ ನಮ್ಮ ಹೊಸನಗರದ ಕಡೆ ಕೊಯ್ಲಿನ ದಿನಗಳಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲಿಯುವವರನ್ನು ನೆನಪಿಸಿಕೊಂಡೆ. ಊರಿನ ಸುದ್ದಿಯೆಲ್ಲ ಮಾತಾಡುತ್ತಾರೆ, ಕೈ ಕಡೆ ನೋಡುವುದೇ ಇಲ್ಲ. ಕತ್ತಿ ಅಷ್ಟು ಚೂಪಿದ್ದರೂ ಆಗುತ್ತದೆ. ಹಾಗಿದ್ದರೆ ಪ್ಲಾಸ್ಟಿಕ್ ಕೀಗೆ ಹೆದರುವುದೇನು? ಹಾಗಾಗಿ ಸ್ವಲ್ಪ ಕಾಣುವವರಿಗೆ ನನ್ನ ಮೊದಲ ಮಾತು ಇದೇ: ಟವಲ್ ಹೊದ್ದುಕೊಳ್ಳಿ. ಉಳಿದಿರುವ ಕಣ್ಣನ್ನು ಕೀ ಹುಡುಕುವುದಕ್ಕೆ ಸವೆಸಬೇಡಿ.

"ಈಗ ಮಾತಾಡಿದರೆ ಫೋನೇ ಬರೆಯುತ್ತದಲ್ವಾ, ಇದೆಲ್ಲ ಯಾಕೆ?" ಅಂತ ಕೇಳುವವರಿದ್ದಾರೆ. ಆಷಾಢದ ಮಳೆ ತಗಡಿನ ಮೇಲೆ ಬೀಳುವಾಗ ಆ ಫೋನ್ ಏನು ಬರೆಯುತ್ತದೆ ಅಂತ ನಮ್ಮ ಮನೆಗೆ ಬಂದು ನೋಡಬೇಕು. ಅದೂ ಅಲ್ಲದೆ, ಯಾರಿಗೆ ಎಷ್ಟು ಸಾಲ ಕೊಡಬೇಕು ಅನ್ನುವುದನ್ನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಹೇಳೋಕಾಗುತ್ತಾ?

ಮೊದಲು ಸಾಮಾನು. ಲ್ಯಾಪ್‌ಟಾಪ್‌ನ ಚಪ್ಪಟೆ ಕೀಗಳ ಮೇಲೆ ಕಲಿಯಬೇಡಿ. ತಂತಿಯ ಸಾದಾ ಕೀಬೋರ್ಡ್ ತನ್ನಿ. ಅದರಲ್ಲಿ ಮೇಲಿನ ಸಾಲಿನ ಎಫ್ ಒಂದರಿಂದ ಎಫ್ ಹನ್ನೆರಡು ನಾಲ್ಕು ನಾಲ್ಕರ ಗುಂಪಾಗಿರಬೇಕು, ನಡುವೆ ಸಂದು ಇರಬೇಕು. ಬಲಗಡೆ ಅಂಕಿಗಳ ಪ್ಯಾಡ್ ಬೇಕೇ ಬೇಕು. ಅಂಗಡಿಯಲ್ಲೇ ಎಫ್ ಮತ್ತು ಜೆ ಮೇಲೆ ಬೆರಳಾಡಿಸಿ. ಎರಡರ ಮೇಲೂ ಸಣ್ಣ ಉಬ್ಬುಗೆರೆ ಇರುತ್ತದೆ. ಅದು ಕೈಗೆ ಚೆನ್ನಾಗಿ ಸಿಗದಿದ್ದರೆ ಬೇರೆ ಕೊಡಿ ಅನ್ನಿ.

ಎಸ್ಕೇಪ್, ಡಿಲೀಟ್‌ಗೆ ಗುರುತು ಬೇಕು ಅಂತ ನಾನು ಹಣೆಯ ಬಿಂದಿ ಅಂಟಿಸಿದ್ದೆ. ಮಳೆಗಾಲದ ತೇವಕ್ಕೆ ಮೂರೇ ದಿನದಲ್ಲಿ ಜಾರಿತು. ಆಮೇಲೆ ಸಾಸಿವೆ ಕಾಳಿನಷ್ಟು ಎಂ-ಸೀಲ್ ಇಟ್ಟೆ, ಇವತ್ತಿಗೂ ಇದೆ. ಎರಡು ಮೂರು ಕೀ ಸಾಕು. ಎಲ್ಲದಕ್ಕೂ ಇಟ್ಟರೆ ಬೆರಳಿಗೆ ಗಲಿಬಿಲಿ.

ಇನ್ನು ಪರದೆ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ. ನಾನು ಎನ್‌ವಿಡಿಎ ಬಳಸುತ್ತೇನೆ, ಪುಕ್ಕಟೆ ಸಿಗುತ್ತದೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಇದನ್ನು ಶುರು ಮಾಡಿದರು, ಅವರಿಗೂ ಕಣ್ಣು ಕಾಣುವುದಿಲ್ಲ. ಕಂಟ್ರೋಲ್, ಆಲ್ಟ್, ಎನ್ ಮೂರೂ ಒತ್ತಿದರೆ ಮಾತಾಡಲು ಶುರು ಮಾಡುತ್ತದೆ. ಇದರಲ್ಲಿ ಕಲಿಯುವವರಿಗೆ ಒಂದು ಚಿನ್ನದಂಥ ಸೌಕರ್ಯವಿದೆ. ಇನ್ಸರ್ಟ್ ಹಿಡಿದು ಮೇಲಿನ ಸಾಲಿನ 1 ಒತ್ತಿ. ಆಮೇಲೆ ಯಾವ ಕೀ ಒತ್ತಿದರೂ ಅದರ ಹೆಸರು ಹೇಳುತ್ತದೆ, ಬೇರೆ ಏನೂ ಆಗುವುದಿಲ್ಲ. ಏನೋ ಅಳಿಸಿ ಹೋಯಿತು ಅನ್ನುವ ಭಯವೇ ಇಲ್ಲ. ನಾನು ಒಂದು ವಾರ ಇಷ್ಟನ್ನೇ ಮಾಡಿದೆ. ಮತ್ತೆ ಇನ್ಸರ್ಟ್ ಮತ್ತು 1 ಒತ್ತಿದರೆ ಮಾಮೂಲಿಗೆ ಬರುತ್ತದೆ.

ಕೈ ಇಡುವುದು ಹೀಗೆ. ಎಡಗೈ ತೋರುಬೆರಳು ಎಫ್ ಗೆರೆ ಮೇಲೆ, ನಡುಬೆರಳು ಡಿ, ಉಂಗುರ ಬೆರಳು ಎಸ್, ಕಿರುಬೆರಳು ಎ. ಬಲಗೈ ತೋರುಬೆರಳು ಜೆ ಗೆರೆ ಮೇಲೆ, ಆಮೇಲೆ ಕೆ, ಎಲ್, ಸೆಮಿಕೋಲನ್. ಹೆಬ್ಬೆರಳು ಸ್ಪೇಸ್‌ಗೆ. ತೋರುಬೆರಳುಗಳಿಗೆ ಕೆಲಸ ಜಾಸ್ತಿ: ಎಡದ್ದು ಪಕ್ಕದ ಜಿ ಮತ್ತು ಅದರ ಮೇಲೆ ಕೆಳಗಿನ ಕೀಗಳನ್ನೂ ನೋಡಿಕೊಳ್ಳಬೇಕು, ಬಲದ್ದು ಎಚ್ ಮತ್ತು ಅದರ ಮೇಲೆ ಕೆಳಗಿನವನ್ನೂ.

ಕಲಿಯಬೇಕಾದ್ದು ಹೋಗುವುದನ್ನಲ್ಲ, ವಾಪಸ್ ಬರುವುದನ್ನು. ಆರ್ ಒತ್ತಿ, ಎಫ್ ಗೆರೆಗೆ ಬನ್ನಿ. ವಿ ಒತ್ತಿ, ಗೆರೆಗೆ ಬನ್ನಿ. ನಾನು ಮೊದಮೊದಲು ಒಂದು ಪದ ಸರಿಯಾಗಿ ಹೊಡೆದು, ಕೈ ಎಲ್ಲೋ ಸರಿದು, ಮುಂದಿನ ಸಾಲೆಲ್ಲ ಒಂದೊಂದು ಕೀ ಪಕ್ಕಕ್ಕೆ ಹೊಡೆಯುತ್ತಿದ್ದೆ. ತಪ್ಪು ಹೆಚ್ಚಾದರೆ ಎರಡೂ ಕೈ ಎತ್ತಿ ತೊಡೆ ಮೇಲಿಡಿ, ಮತ್ತೆ ಗೆರೆ ಹುಡುಕಿ ಕೂರಿ. ದಿನಕ್ಕೆ ಎರಡು ಸಲ, ಕಾಲು ಗಂಟೆ ಸಾಕು. ಚಳಿಗಾಲದ ಬೆಳಿಗ್ಗೆ ಬೆರಳು ಮರಗಟ್ಟಿರುತ್ತದೆ, ಮೊದಲು ಬಿಸಿ ಕಾಫಿ ಲೋಟ ಹಿಡಿದುಕೊಳ್ಳಿ.

ಕಲಿಸುವವರಿಗೂ ಒಂದು ಮಾತು. ಕಲಿಯುವವರ ಬೆರಳು ಹಿಡಿದು ಒತ್ತಬೇಡಿ. "ಅಲ್ಲಿ, ಇಲ್ಲಿ, ಅದರ ಪಕ್ಕ" ಅನ್ನಬೇಡಿ. "ಬಲಗೈ ನಡುಬೆರಳು, ಒಂದು ಸಾಲು ಮೇಲೆ" ಅನ್ನಿ.

ಯಾವ ಕೀಗೆ ಯಾವ ಅಕ್ಷರ ಅನ್ನುವುದಕ್ಕೆ ಕನ್ನಡದಲ್ಲಿ ಎರಡು ಮುಖ್ಯ ವಿನ್ಯಾಸಗಳಿವೆ. ವಿಂಡೋಸ್‌ನಲ್ಲೇ ಇರುವ ಇನ್‌ಸ್ಕ್ರಿಪ್ಟ್‌ನಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಕೆ.ಪಿ. ರಾವ್ ರೂಪಿಸಿದ, ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬರುವ ವಿನ್ಯಾಸದಲ್ಲಿ ಹೆಚ್ಚಿನ ಅಕ್ಷರಗಳು ಇಂಗ್ಲಿಷ್ ಉಚ್ಚಾರಕ್ಕೆ ಹೊಂದುತ್ತವೆ. ಯಾವುದಾದರೂ ಒಂದೇ ಹಿಡಿಯಿರಿ. ನಾನು ಎರಡನೆಯದು ಹಿಡಿದೆ, ಕಾರಣ ಒತ್ತಕ್ಷರ. ಅದರಲ್ಲಿ ಒತ್ತು ಕೊಡುವ ಕೀ ಎಫ್. ಗೆರೆ ಇರುವ ಅದೇ ಎಫ್! ಎಡ ತೋರುಬೆರಳು ಕೂತಲ್ಲೇ ಕೂತು ಒತ್ತಕ್ಷರ ಕೊಡುತ್ತದೆ. ಅಕ್ಕ ಅಂದರೆ ಎ, ಕೆ, ಎಫ್, ಕೆ. ಅಮ್ಮ ಅಂದರೆ ಎ, ಎಂ, ಎಫ್, ಎಂ. ಇನ್‌ಸ್ಕ್ರಿಪ್ಟ್‌ನವರೂ ಬೇಜಾರಾಗಬೇಕಿಲ್ಲ, ಅವರ ಒತ್ತು ಪಕ್ಕದ ಡಿ ಮೇಲಿದೆ.

ಮೊದಲು ಶಿಫ್ಟ್ ಬೇಡದ ಪದ ತಗೊಳ್ಳಿ. ಅಡಿಕೆ: ಎ, ಡಬ್ಲ್ಯೂ, ಐ, ಕೆ, ಇ. ಡ ಅಕ್ಷರ ಡಬ್ಲ್ಯೂ ಮೇಲಿದೆ, ಇದೊಂದು ಬಾಯಿಪಾಠ ಮಾಡಲೇಬೇಕು. ಆಮೇಲೆ ದೀರ್ಘ, ಮಹಾಪ್ರಾಣಗಳಿಗೆ ಶಿಫ್ಟ್. ಸಾಗರ: ಎಸ್, ಶಿಫ್ಟ್ ಹಿಡಿದು ಎ, ಜಿ, ಆರ್. ಇಲ್ಲಿ ಎ ಒತ್ತುವುದು ಎಡಗೈ, ಹಾಗಾಗಿ ಬಲಗಡೆಯ ಶಿಫ್ಟ್ ಹಿಡಿಯಿರಿ. ಮಳೆಯ ಳ ಅಕ್ಷರಕ್ಕೆ ಶಿಫ್ಟ್ ಹಿಡಿದು ಎಲ್, ಅದಕ್ಕೆ ಎಡಗಡೆಯ ಶಿಫ್ಟ್. ಒಂದೇ ಕೈಯಲ್ಲಿ ಎರಡೂ ಒತ್ತಲು ಹೋದರೆ ಗೆರೆ ತಪ್ಪುತ್ತದೆ.

ನುಡಿಯಲ್ಲಿ ಯುನಿಕೋಡ್ (ಕನ್ನಡ ಅಕ್ಷರವನ್ನು ಕಂಪ್ಯೂಟರಿನೊಳಗೂ ಕನ್ನಡವಾಗಿಯೇ ಇಡುವ ವಿಧಾನ) ಆಯ್ಕೆ ಇದೆಯಾ ಅಂತ ಮೊದಲೇ ನೋಡಿಸಿಕೊಳ್ಳಿ. ನಾನು ಒಂದು ಕಚೇರಿಗೆ ಎರಡು ಪುಟದ ಅರ್ಜಿ ಹೊಡೆದು, ಓದಿಸಿ ಕೇಳಿದರೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ! ಹಳೆಯ ಫಾಂಟ್‌ನಲ್ಲಿ ಪರದೆ ಮೇಲೆ ಕನ್ನಡ ಕಂಡರೂ ಒಳಗೆ ಇರುವುದು ಕನ್ನಡವಲ್ಲ. ನೋಡುವವರಿಗೆ ಸರಿ, ಕೇಳುವವರಿಗೆ ದಂಡ.

ಶುರುವಿನಲ್ಲಿ ಪ್ರತಿ ಅಕ್ಷರವನ್ನೂ ಕೇಳಿಸಿಕೊಳ್ಳಿ. ಕೈ ಕೂತ ಮೇಲೆ ಇನ್ಸರ್ಟ್ ಮತ್ತು 2 ಒತ್ತಿ ಅಕ್ಷರ ಹೇಳುವುದನ್ನು ನಿಲ್ಲಿಸಿ, ಇನ್ಸರ್ಟ್ ಮತ್ತು 3 ಒತ್ತಿ ಪದ ಮಾತ್ರ ಹೇಳುವಂತೆ ಮಾಡಿ. ನನ್ನ ವೇಗ ಹೆಚ್ಚಿದ್ದು ಇಲ್ಲೇ. ಲ, ಳ ವ್ಯತ್ಯಾಸ ಆ ಯಂತ್ರದ ದನಿಯಲ್ಲಿ ಗೊತ್ತಾಗದಿದ್ದರೆ ಬಾಣದ ಕೀ ಒತ್ತಿ ಒಂದೊಂದೇ ಅಕ್ಷರ ಕೇಳಿ. ಹೆಡ್‌ಫೋನ್ ಒಂದೇ ಕಿವಿಗೆ ಹಾಕುತ್ತೇನೆ. ಒಲೆ ಮೇಲೆ ಹಾಲಿರುತ್ತದೆ ನೋಡಿ.

ಅಂಕಿಗಳಿಗೆ ಮೇಲಿನ ಸಾಲು ನನಗೆ ಇವತ್ತಿಗೂ ಒಗ್ಗಿಲ್ಲ. ಬಲಗಡೆಯ ಪ್ಯಾಡ್‌ನಲ್ಲಿ 5ರ ಮೇಲೆ ಉಬ್ಬು ಇದೆ, ನಡುಬೆರಳು ಅಲ್ಲಿಡಿ. 4 ಎಡಕ್ಕೆ, 6 ಬಲಕ್ಕೆ, 8 ಮೇಲೆ, 2 ಕೆಳಗೆ. ಪ್ಯಾಡ್‌ಗೆ ಅಂಕಿ ಬರಿಸುವ ನಮ್‌ಲಾಕ್ ಕೀ ಹಾಕಿದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಅಂಕಿ ಬೀಳುವ ಬದಲು ಎನ್‌ವಿಡಿಎ ಪರದೆಯ ಸಾಲು ಓದಲು ಶುರು ಮಾಡುತ್ತದೆ. ಈ ಸಲದ ಚಾಲಿ ಅಡಿಕೆಯ ತೂಕ, ಮಂಡಿಯಿಂದ ಬಂದ ದುಡ್ಡು ಎಲ್ಲ ನಾನೇ ಹೊಡೆದಿಟ್ಟೆ. ಅಣ್ಣ ಕೂಡಿದ್ದಕ್ಕೂ ನನ್ನದಕ್ಕೂ ನಲವತ್ತು ರೂಪಾಯಿ ವ್ಯತ್ಯಾಸ ಬಂತು. ತಪ್ಪು ಅಣ್ಣನದು.